ಎರಡು ಬೆರಳು ಗಿಡ್ಡ ಇಂಜಿನ್

ಮಕ್ತಲ್
೧೦ ನವೆಂಬರ್ ೧೯೪೮

ಮೌಲಾಲಿ ಉಸ್ತಾದರಿಗೆ ಉರುಕುಂದಪ್ಪನ ಸಲಾಮು.

ನಿಮ್ಮ ಹೈದರಾಬಾದಿನ ಪತಾ ಟಪಾಲಿನ ಮಾರ್ಕಂಡೇಯ ಕೊಟ್ಟ. ಮೂರನೇ ಜಮಾತಿಗೆ ಸಾಲಿ ಬಿಟ್ಟಾವ ನಾನು, ನಿಮಗ ಗೊತ್ತೈತಿ. ತಪ್ಪಿದ್ದರ ನಗಬ್ಯಾಡ್ರಿ. ಮಾತಾಡಿದಂಗ ಬರದೀನಿ, ಮಾತಾಡಿದಂಗ ಓದ್ಕೋರಿ.

ಇಂಡಿಯಾದ ಮಿಲಿಟರಿ ಬಂದ ಮ್ಯಾಲ ಊರಾಗ ನಿಜಾಮನ ರಜಾಕಾರರ ಸದ್ದಿಲ್ಲ. ಆದರ ನಿಮ್ಮ ಓಣ್ಯಾಗ ಅರ್ಧ ಮನಿ ಕೀಲಿ ಹಾಕ್ಯಾವ. ನಮ್ಮ ರಿಪೇರಿ ಅಂಗಡಿ ಸುಟ್ಟಿಲ್ಲ. ಬಾಗಲಾಗ ನಾ ಕುಂತೀನಲ್ಲ, ಅದಕ್ಕ ಸುಟ್ಟಿಲ್ಲ. ನಿಮ್ಮ ಮೋಟಾರ ಗಾಡಿ ತಾಡಪತ್ರಿ ಕೆಳಗ ಐತಿ.

ಒಂದು ಕೆಲಸ ಬಂದೈತಿ. ನಾರಾಯಣಪೇಟದ ನರಸಿಂಹುಲು ಸಾವುಕಾರ, ಹತ್ತಿ ಜಿನ್ನಿನವ, ಅವನ ಗಾಡಿ. ೩೪ನೇ ಸಾಲಿಂದು. ನೀರಿಲ್ಲದಂಗ ಓಡಿಸಿ ಇಂಜಿನ್ ಸೀಳಿಸ್ಯಾರ. ಅದಕ್ಕ ಬ್ಯಾರೆ ಇಂಜಿನ್ ತಂದಾರ, ಅದೇ ಕಂಪನೀದು, ಆದರ ೩೮ನೇ ಸಾಲಿಂದು. ರಾಯಚೂರಿನ ಗುಜರಿಯಂದು ಅಂತಾರ. ಕುಂದ್ರಸಾಕ ಹೋದರ ಮುಂದ ಮುಟ್ಟವಲ್ದು. ಹಿಂದ ಸರಿ ಕುಂತರ ಮುಂದ ಗಾಳ್ಯಾಗ ತೂಗತೈತಿ. ಹೆಂಗ ಮಾಡ್ಲಿ? ಲಗೂನ ಬರೀರಿ. ಸಾವುಕಾರ ದಿನಾ ಮನಷಾನ್ನ ಕಳಸಾಕತ್ತಾನ.

ನಿಮ್ಮ ಶಾಗಿರ್ದ್
ಉರುಕುಂದಪ್ಪ

—

ಹೈದರಾಬಾದ್
೨೨ ನವೆಂಬರ್ ೧೯೪೮

ಮಗು ಉರುಕುಂದನಿಗೆ ಆಶೀರ್ವಾದ.

ನಿನ್ನ ಕಾಗದವನ್ನು ನಾಲ್ಕು ಸಲ ಓದಿದೆ. ಇಲ್ಲಿ ನಾಂಪಲ್ಲಿಯಲ್ಲಿ ಒಬ್ಬ ಸೈಕಲ್ ಅಂಗಡಿಯವನ ಹತ್ತಿರ ಟ್ಯೂಬಿಗೆ ತೇಪೆ ಹಾಕುತ್ತಿದ್ದೇನೆ. ಇಂಜಿನ್ ಎಂಬ ಮಾತನ್ನೇ ಯಾರೂ ಆಡುವುದಿಲ್ಲ. ನೀನು ಆ ಮಾತು ಬರೆದದ್ದಕ್ಕೇ ಕೈಗೆ ಜೀವ ಬಂತು. ನಾನು ಅಯ್ಯನವರ ಸಾಲೆಯಲ್ಲಿ ಕನ್ನಡ ಕಲಿತವನು, ಬರೆಯುವಾಗ ಪುಸ್ತಕದ ಭಾಷೆಯೇ ಬರುತ್ತದೆ. ನೀನೂ ನಗಬೇಡ.

ಕೇಳು. ೩೮ರ ಇಂಜಿನ್ ೩೪ರದಕ್ಕಿಂತ ಎರಡು ಬೆರಳು ಗಿಡ್ಡ. ಹಳೆಯದಕ್ಕೆ ಕೆಳಗೆ ಮೂರು ಬೇರಿಂಗ್, ಹೊಸದಕ್ಕೆ ನಾಲ್ಕು. ಮೊದಲು ಹಿಂದಿನಿಂದ ಗೇರ್ ಪೆಟ್ಟಿಗೆಗೆ ಕೂಡಿಸಿ ಬಿಗಿ ಮಾಡು. ಮುಂದೆ ಉಳಿಯುವ ಎರಡು ಬೆರಳಿಗೆ ಚಕ್ಕಡಿಯ ಗಾಲಿಗೆ ಹಾಕುವ ಹಳಿ ಕಬ್ಬಿಣದಿಂದ ಇಂಜಿನ್ ಹೊರುವ ಒಂದು ಮೊಣಕೈ ಮಾಡಿಸು. ಕಬ್ಬಿಣ ಕಬ್ಬಿಣಕ್ಕೆ ತಾಗಬಾರದು, ನಡುವೆ ಹಳೆಯ ಟಾಯರಿನ ತುಂಡಿಡು. ಫ್ಯಾನು ರೇಡಿಯೇಟರಿನಿಂದ ದೂರವಾಗುತ್ತದೆ, ಗಾಳಿ ಎಳೆಯದೆ ನೀರು ಕುದಿಯುತ್ತದೆ. ಫ್ಯಾನಿನ ಹಿಂದೆ ಎರಡು ಬೆರಳು ದಪ್ಪದ ಕಬ್ಬಿಣದ ಬಿಲ್ಲೆ ಕೊಟ್ಟು ಮುಂದೆ ತಾ. ಹಾಕುವ ಮುಂಚೆ ಕೆಳಗೆ ಬಿಚ್ಚಿ ಬೇರಿಂಗ್ ನೋಡು. ಗುಜರಿಯ ಮಾಲನ್ನು ನಂಬಬೇಡ.

ನಮ್ಮ ಗಾಡಿಯೂ ೩೮ರದೇ ಅಲ್ಲವೇ! ಎಲ್ಲಿಯಾದರೂ ತಿಳಿಯದಿದ್ದರೆ ತಾಡಪತ್ರಿ ಸರಿಸಿ, ಬಾನೆಟ್ ಎತ್ತಿ, ಅದರಲ್ಲಿ ನೋಡಿಕೊಂಡು ಇದರಲ್ಲಿ ಮಾಡು. ವಾರಕ್ಕೊಮ್ಮೆ ಅದರ ಹ್ಯಾಂಡಲ್ ಎರಡು ಸುತ್ತು ತಿರುವು, ಒಳಗೆ ತುಕ್ಕು ಹಿಡಿದು ಬಿಗಿದುಕೊಳ್ಳದಿರಲಿ. ನನ್ನ ಹೆಂಡತಿ, ನಿನ್ನ ಬೀಬಿ ಅಮ್ಮ, ಮತ್ತು ಮಗಳು ಇನ್ನೂ ಗದ್ವಾಲದಲ್ಲಿ ಅವಳ ತವರಿನಲ್ಲಿದ್ದಾರೆ. ಊರು ತಣ್ಣಗಾಗಿ, ಕೃಷ್ಣೆಯ ನೀರಿಳಿದ ಮೇಲೆ, ಅದೇ ಗಾಡಿಯಲ್ಲಿ ಅವರನ್ನು ಮಕ್ತಲಿಗೆ ಕರೆತರುತ್ತೇನೆ. ಮತ್ತೆ ಬಾಡಿಗೆ ಓಡಿಸುತ್ತೇನೆ. ನನಗೆ ಉಳಿದಿರುವುದು ಅದೊಂದೇ. ಕೀಲಿ ನನ್ನ ಜೇಬಿನಲ್ಲಿಯೇ ಇದೆ.

ಇದು ನೀನು ಒಬ್ಬನೇ ಕೂಡಿಸುವ ಮೊದಲ ಇಂಜಿನ್. ನಮ್ಮ ಅಂಗಡಿಯ ರಿವಾಜು ಮರೆಯಬೇಡ. ಮೊದಲ ಸಲ ಇಂಜಿನ್ ಹತ್ತಿಸಲು ಹ್ಯಾಂಡಲ್ ತಿರುವುವ ಮುಂಚೆ, ನಿಂತವರಿಗೆಲ್ಲ ಕೇಳುವ ಹಾಗೆ, ಉಸ್ತಾದನ ಹೆಸರು ಹೇಳಬೇಕು. ನಾನು ಇವತ್ತಿಗೂ ರಾಯಚೂರಿನ ಕಂಬಾರ ನಾಗಯ್ಯನವರ ಹೆಸರು ಹೇಳಿಯೇ ತಿರುವುತ್ತೇನೆ.

ಮೌಲಾಲಿ

—

ಮಕ್ತಲ್
೫ ಡಿಸೆಂಬರ್ ೧೯೪೮

ಉಸ್ತಾದ್,

ಹಳಿ ಕಬ್ಬಿಣದ ಮೊಣಕೈ ಮಾಡಿಸಿದೆ. ಮೊದಲನೇದು ಸೊಟ್ಟ ಆತು. ಕಂಬಾರಗ ಬೈದೆ, ಅಂವ ನನಗ ಬೈದ, 'ಕುರಿ ಕಾಯಾಂವ ನನಗ ಅಳತಿ ಹೇಳತಿಯೇನಲೇ' ಅಂದ. ಇಕ್ಕಳ ಕಸ್ಕೊಂಡು ನಾನ ಬಡದೆ. ಎರಡನೇದು ಕೂತೈತಿ.

ಕೆಳಗ ಬಿಚ್ಚಿ ನೋಡಿದೆ. ನೀವು ಹೇಳಿದಂಗ ನಾಕು ಬೇರಿಂಗ್. ಅವುಕ್ಕ ಮುಚ್ಚಿದ ಕಬ್ಬಿಣದ ಟೊಪಗಿ ಮ್ಯಾಲ ಯಾರೋ ಉಳಿಲೆ ಚುಕ್ಕಿ ಹೊಡದಾರ. ಮೊದಲನೇದಕ್ಕ ಒಂದು, ಎರಡನೇದಕ್ಕ ಎರಡು, ನಾಕನೇದಕ್ಕ ನಾಕು. ಮೂರನೇದಕ್ಕ ಮಾತ್ರ ಐದು ಚುಕ್ಕಿ ಅದಾವ. ಕಂಪನ್ಯಾಗ ಹಿಂಗ ಹೊಡೀತಾರೇನ್ರಿ? ಇಲ್ಲ, ಬ್ಯಾರೆ ಇಂಜಿನಿಂದು ಟೊಪಗಿ ತಂದು ಹಾಕ್ಯಾರೋ? ಅಲ್ಲೇ ಹಾಕಲೋ ಬ್ಯಾಡೋ ಬರೀರಿ. ತಪ್ಪು ಹಾಕಿದರ ಒಂದು ಫರ್ಲಾಂಗಿನಾಗ ಹಿಡ್ಕೊಂಡು ನಿಲ್ಲತೈತಿ ಅಂತ ನೀವ ಹೇಳಿದ್ದಿರಿ.

ನಿಮ್ಮ ಗಾಡಿ ನೋಡಿ ಮಾಡು ಅಂದಿರಿ. ಬ್ಯಾಡ ಬಿಡ್ರಿ, ನಾ ನೋಡದನ ಮಾಡತೀನಿ.

ಉರುಕುಂದಪ್ಪ

—

ಹೈದರಾಬಾದ್
೧೪ ಡಿಸೆಂಬರ್ ೧೯೪೮

ಉರುಕುಂದ,

ಐದು ಚುಕ್ಕಿಯದು ಮೂರನೆಯದೇ. ಅಲ್ಲಿಯೇ ಹಾಕು. ಚುಕ್ಕಿ ಇರುವ ಮಗ್ಗುಲು ಎಡಕ್ಕೆ ಬರಬೇಕು. ಬಿಗಿ ಮಾಡುವಾಗ ಒಂದೇ ಸಲ ಬಿಗಿಯಬೇಡ. ಸ್ವಲ್ಪ ಇದನ್ನು, ಸ್ವಲ್ಪ ಅದನ್ನು, ಪ್ರತಿ ಸಲ ಕೈಯಿಂದ ತಿರುವಿ ನೋಡುತ್ತ ಬಿಗಿ.

ಎಣ್ಣೆ ಹೊಸದು ಹಾಕಿಸು.

ಮೌಲಾಲಿ

—

ಮಕ್ತಲ್
೨ ಜನವರಿ ೧೯೪೯

ಉಸ್ತಾದ್,

ಹತ್ತಿತು! ಎರಡನೇ ಸುತ್ತಿಗೇ ಹತ್ತಿತು! ನೀವು ಇರಬೇಕಾಗಿತ್ತು. ಸಾವುಕಾರ, ಅವನ ಕಡಿಯವರು, ಬಜಾರದ ಮಂದಿ ಎಲ್ಲಾ ನಿಂತಿದ್ದರು. ನಮ್ಮವ್ವ ಕುರುಮಮ್ಮ ಟೆಂಗಿನಕಾಯಿ ಹಿಡಕೊಂಡು ನಿಂತಿದ್ದಳು. ಸದ್ದು ಕೇಳಿ ಹೆದರಿ ಕಾಯಿ ಕಲ್ಲಿಗೆ ಒಗೀದನ ಕೆಳಗ ಬಿಟ್ಟಳು. ಉರಳಿ ಗಾಲಿ ಕೆಳಗ ಹೋತು. ಎಲ್ಲರೂ ನಕ್ಕರು.

ನಾರಾಯಣಪೇಟಕ್ಕ ಹೋಗಿ ಬಂದೆ. ನೀರು ಕುದೀಲಿಲ್ಲ. ಏರಿನಾಗ ಮೂರನೇ ಗೇರಿನಾಗ ಎಳೀತು. ೩೪ರ ಮೈ, ೩೮ರ ದಮ್ಮು. ಸಾವುಕಾರ ನನ್ನ ಡ್ರೈವರ್ ಅಂತ ಇಟ್ಕೊಂಡಾನ. ಖಾಕಿ ಅಂಗಿ ಹೊಲಸ್ಯಾನ. ಸೀಳಿದ ಹಳೇ ಇಂಜಿನ್ ಅಂಗಡ್ಯಾಗ ಬಿದ್ದೈತಿ, ಅದು ಬ್ಯಾಡಂತ.

ಉರುಕುಂದಪ್ಪ

—

ಹೈದರಾಬಾದ್
೧೧ ಜನವರಿ ೧೯೪೯

ಉರುಕುಂದ,

ಸಂತೋಷ. ಕೆಲಸ ಸರಿ ಮಾಡಿದ್ದೀಯೆ, ಕಾಗದದಲ್ಲಿಯೇ ತಿಳಿಯುತ್ತದೆ.

ಹೆಸರು ಹೇಳಿದೆಯಾ? ಅದೊಂದನ್ನು ಬರೆ. ಬೇರೇನನ್ನೂ ನಾನು ಕೇಳುವುದಿಲ್ಲ.

ಮೌಲಾಲಿ

—

ಹೈದರಾಬಾದ್
೩ ಮಾರ್ಚ್ ೧೯೪೯

ಉರುಕುಂದ,

ಏಳು ವಾರವಾಯಿತು, ನಿನ್ನ ಉತ್ತರವಿಲ್ಲ. ಮೈ ಹುಷಾರಾಗಿದೆ ತಾನೇ?

ಮಾರ್ಚ್ ೧೪ರ ಸೋಮವಾರ ಹಗಲಿನ ರೈಲಿಗೆ ನಾರಾಯಣಪೇಟ ರೋಡ್ ಸ್ಟೇಷನ್ನಿಗೆ ಬಂದಿಳಿಯುತ್ತೇನೆ. ಮಕ್ತಲಿಗೆ ಬಂದು, ಅಂಗಡಿ ನೋಡಿ, ಗದ್ವಾಲಕ್ಕೆ ಹೋಗಿ ಮನೆಯವರನ್ನು ಕಾಣಬೇಕು ಎಂದುಕೊಂಡಿದ್ದೇನೆ. ನೀನು ಸ್ಟೇಷನ್ನಿಗೆ ಬಂದರೆ ಧೈರ್ಯ. ಬರದಿದ್ದರೂ ಬೇಸರವಿಲ್ಲ.

ಮೌಲಾಲಿ

—

ಮಕ್ತಲ್
೧೯ ಮಾರ್ಚ್ ೧೯೪೯

ಉಸ್ತಾದ್,

ನೀವು ನಳದ ಹತ್ರ ನಿಂತಿದ್ದಿರಿ. ಬಿಳೇ ಗಡ್ಡ ಬಂದೈತಿ ನಿಮಗ. ಮೊದಲಿದ್ದಿಲ್ಲ.

ಬರೀಬಾರದು ಅಂತ ಐದು ದಿನ ಕುಂತೆ. ಹೊಟ್ಟಿಗೆ ಅನ್ನ ಹೋಗವಲ್ದು. ಅವ್ವ ಗಾಳಿ ಮುಟ್ಟೈತಿ ಅಂತ ಬೀರಪ್ಪನ ಗುಡೀ ಭಂಡಾರ ತಂದು ಹಣಿಗೆ ಹಚ್ಚಿದಳು. ಗಾಳಿ ಅಲ್ಲ ಏನಲ್ಲ, ನಾಚಿಕಿ. ಅದನ್ನ ಹೇಳಿದರ ಅಕಿಗೆ ತಿಳಿಯಾಂಗಿಲ್ಲ.

ಅವತ್ತು ಸಾವುಕಾರ ಹೊಸಾ ತಹಸೀಲ್ದಾರನ್ನ ಕರಕೊಂಡು ಬರಾಕ ಹೂವಿನ ಹಾರ ತಗೊಂಡು ಬಂದಿದ್ದ. ಅದೇ ರೈಲು. ನಿಮ್ಮ ಕಾಗದ ನನ್ನ ಕಿಸೇದಾಗಿತ್ತು. ಇವತ್ತು ಆಗಲ್ಲ ಅಂತ ಸಾವುಕಾರಗ ಹೇಳಬೇಕಾಗಿತ್ತು. ಹೇಳಲಿಲ್ಲ. ನೀವು ಇಳಿದಿದ್ದು ನೋಡಿದೆ. ನೀವು ನನ್ನ ನೋಡಿದಿರಿ, ಖಾಕಿ ಅಂಗಿ ನೋಡಿದಿರಿ. ಒಂದು ಹೆಜ್ಜಿ ಮುಂದ ಬಂದಿರಿ. ನಾ ಹ್ಯಾಂಡಲ್ ಹಾಕಿ ತಿರುವಿದೆ. ಸದ್ದು ಕೇಳಿದ ಕೂಡಲೇ ನೀವು ನಿಂತುಬಿಟ್ಟಿರಿ. ನಿಂತಿದ್ದು ಕಂಡೆ ನಾನು.

ಆ ತಹಸೀಲ್ದಾರ ಯಾಕ ಕೇಳಬೇಕಾಗಿತ್ತು? 'ಮಷೀನು ಚಲೋ ಐತಲ್ಲೋ, ಯಾರ ಶಾಗಿರ್ದ್ ನೀನು?' ಅಂದ. ಸಾವುಕಾರ ನನ್ನ ಮಾರಿ ನೋಡಿದ. ನೀವು ಐದು ಮಾರು ದೂರ ಇದ್ದಿರಿ, ಅಷ್ಟ. ನಾ ಅಂದೆ, 'ಯಾರ ಶಾಗಿರ್ದೂ ಅಲ್ರಿ, ಸ್ವಂತ ಕಲ್ತೀನಿ.'

ನೀವು ನಳದಾಗ ನೀರು ಕುಡದಿರಿ. ಆಮ್ಯಾಲ ಬೆನ್ನು ತಿರುವಿ ಆಚಿ ಪ್ಲಾಟ್‌ಫಾರ್ಮಿಗೆ ಹೋದಿರಿ. ಮಕ್ತಲಿಗೆ ಬರಲೇ ಇಲ್ಲ. ಗದ್ವಾಲಕ್ಕೂ ಹೋಗಲಿಲ್ಲ ಅಂತ ಮಾರ್ಕಂಡೇಯ ಹೇಳಿದ. ಬೀಬಿ ಅಮ್ಮ ಕಾದು ಕುಂತಿದ್ದಳಂತ.

ಕೇಳ್ರಿ ಈಗ. ಆ ಇಂಜಿನ್ ಗುಜರಿಯಂದಲ್ಲ. ನಿಮ್ಮದು. ತಾಡಪತ್ರಿ ಕೆಳಗ ಗಾಡಿ ಐತಿ ಅಂತ ಬರದಿದ್ದೆ. ಐತಿ. ಹೊಟ್ಟಿ ಖಾಲಿ ಐತಿ.

ಸಾವುಕಾರ ಹೆದರಿಸಿದ, ಅಂಗಡಿ ಸುಡತೀನಿ ಅಂದ, ಅಂತ ಬರೀಬೇಕು ಅಂತ ಎರಡು ಹಾಳಿ ಬರದೆ. ಹರದೆ. ಅಂವ ಹೆದರಿಸಲಿಲ್ಲ. ಅಂಗಡಿಗೆ ಬಂದ, ತಾಡಪತ್ರಿ ಎತ್ತಿ ನೋಡಿದ, 'ತುರುಕಾಂವ ತಿರುಗಿ ಬರಾಂಗಿಲ್ಲ, ಇದನ್ನ ನಮ್ಮದಕ್ಕ ಹಾಕು' ಅಂದ. ಆಗ ನಕ್ಕೋತ ತೆಲುಗಿನ್ಯಾಗ ಕೇಳಿದ, 'ನೀಕು ವಸ್ತದಾ ರಾ?' ನಿನಗ ಬರತೈತೇನೋ ಅಂತ. ಅಷ್ಟ ಕೇಳಿದ್ದು. ನಾ ಬರತೈತಿ ಅಂದೆ. ಬಾಯಿಂದ ಬಂದುಬಿಟ್ಟಿತು. ಅದಕ್ಕೇ ಮಾಡಿದೆ ಉಸ್ತಾದ್. ಬರತೈತಿ ಅಂತ ತೋರಸಾಕ.

ಮತ್ತ ನಿಮ್ಮನ್ನ ಕೇಳಿ ಕೇಳಿ ಹಾಕಿದೆ. ನಿಮ್ಮ ಇಂಜಿನ್ ಕಳುವು ಮಾಡಾಕ ನಿಮ್ಮ ಹತ್ರನ ಕಲ್ತೆ.

ಹೆಸರು ಹೇಳಲಿಲ್ಲ. ಬೀರಪ್ಪಾ ಅಂದೆ. ನಿಮ್ಮ ಹೆಸರು ಗಂಟಲತನಕ ಬಂದಿತ್ತು. ಮಂದೀನ ನೋಡಿದೆ, ನುಂಗಿದೆ.

ಇನ್ನೊಂದು ಮಾತು. ಇದನ್ನೂ ಹೇಳೇ ಬಿಡತೀನಿ. ಹೋದ ಶ್ರಾವಣದಾಗ ನಮ್ಮಪ್ಪ ಕಿಷ್ಟಪ್ಪನ ನಲವತ್ತು ಕುರಿ ರಜಾಕಾರರು ಹೊಡಕೊಂಡು ಹೋದರಲ್ಲ, ಅವರು ನಿಮ್ಮ ಗಾಡ್ಯಾಗ ಬಂದಿದ್ದರು ಅಂತ ಊರು ಅಂತೈತಿ. ನಿಮ್ಮನ್ನ ಕೇಳಾಕ ನನಗ ಧೈರ್ಯ ಆಗಿದ್ದಿಲ್ಲ. ಬಾನೆಟ್ ಎತ್ತಿದಾಗ ಅದನ್ನೂ ಮನಸಿನ್ಯಾಗ ಅಂದ್ಕೊಂಡೆ. ಅಂದ್ಕೊಂಡರ ಬೋಲ್ಟ್ ಬಿಚ್ಚೋ ಪಾನಾ ಹಗುರ ಆಗತಿತ್ತು.

ಬೈರಿ. ಬೈದರ ಸಾಕು.

ಉರುಕುಂದಪ್ಪ

—

ಹೈದರಾಬಾದ್
೧ ಏಪ್ರಿಲ್ ೧೯೪೯

ಉರುಕುಂದ,

ಇಂಜಿನ್ ಯಾರದೆಂದು ನನಗೆ ಡಿಸೆಂಬರಿನಲ್ಲಿಯೇ ತಿಳಿಯಿತು. ಕಂಪನಿಯಲ್ಲಿ ಹಾಗೆ ಚುಕ್ಕಿ ಹೊಡೆಯುವುದಿಲ್ಲ. ನೀನು ಅಂಗಡಿ ಸೇರುವ ಐದು ವರ್ಷ ಮೊದಲು ಆ ಇಂಜಿನನ್ನು ನಾನೇ ಬಿಚ್ಚಿದ್ದೆ. ಟೊಪ್ಪಿಗೆಗಳು ಅದಲುಬದಲಾಗದಿರಲೆಂದು ಗುರುತು ಹೊಡೆಯುತ್ತಿದ್ದೆ. ಮೂರನೆಯದಕ್ಕೆ ಬಂದಾಗ ಬಾಗಿಲಲ್ಲಿ ಒಬ್ಬ ನಿಂತು, 'ಮೌಲಾಲಿ ಸಾಬ್, ಗದ್ವಾಲದಿಂದ ಖಬರ್ ಬಂದೈತಿ, ಮಗಳು ಹುಟ್ಯಾಳ!' ಎಂದ. ಕೈಯಲ್ಲಿ ಸುತ್ತಿಗೆ ಇತ್ತು. ಎಷ್ಟು ಹೊಡೆದೆನೋ ಎಣಿಸಲಿಲ್ಲ. ಐದು ಬಿದ್ದಿದ್ದವು. ಅಳಿಸಲು ಮನಸ್ಸಾಗದೆ ಹಾಗೆಯೇ ಬಿಟ್ಟೆ.

ನಿನ್ನ ಕಾಗದದಲ್ಲಿ ಆ ಐದು ಚುಕ್ಕಿ ಓದಿದ ದಿನ ಸೈಕಲ್ ಅಂಗಡಿಗೆ ಹೋಗಲಿಲ್ಲ. ತಪ್ಪಾಗಿ ಹಾಕು ಎಂದು ಬರೆಯಬೇಕೆನಿಸಿತು. ಹಿಡಿದುಕೊಂಡು ನಿಲ್ಲಲಿ, ಸಾವುಕಾರ ನಿನ್ನ ಕೆನ್ನೆಗೆ ಬಾರಿಸಲಿ ಎಂದು. ಬರೆದೂ ಇದ್ದೆ. ಆಮೇಲೆ ಅದನ್ನು ಹರಿದೆ. ಇಂಜಿನ್ ಏನು ಮಾಡಿತ್ತು?

ಸ್ಟೇಷನ್ನಿಗೆ ಬಂದದ್ದು ನಿನ್ನನ್ನು ಹಿಡಿಯಲು ಅಲ್ಲ. ನೀನಾಗಿ ಹೇಳುತ್ತೀಯೆಂದು ಬಂದೆ. ಮನೆಯವಳಿಗೆ ಏನು ಹೇಳಲಿ, ಗಾಡಿ ಎಲ್ಲಿ ಎಂದು ಮಗಳು ಕೇಳಿದರೆ ಏನು ಹೇಳಲಿ ಎಂದು ತಿಳಿಯದೆ ಹಿಂದಿರುಗುವ ರೈಲು ಹತ್ತಿದೆ.

ನೀನು ಬೈಯಲು ಹೇಳಿದ್ದೀಯೆ. ಬೈಯುವ ಬಾಯಿ ನನಗಿಲ್ಲ. ಊರು ಅನ್ನುವುದು ನಿಜ. ಶ್ರಾವಣದ ಆ ನಾಲ್ಕು ದಿನ ರಜಾಕಾರರು ನನ್ನ ಗಾಡಿಯಲ್ಲಿಯೇ ತಿರುಗಿದರು. ಒಬ್ಬ ಪಕ್ಕದಲ್ಲಿ ಬಂದೂಕು ಹಿಡಿದು ಕುಳಿತಿದ್ದ, ಅದೂ ನಿಜ. ಆದರೆ ಕುರಿ ಹೊಡೆದುಕೊಂಡು ಹೊರಟಾಗ ನಿನ್ನ ಅಪ್ಪ ರಸ್ತೆಯ ನಡುವೆ ಬಂದು ನಿಂತ. 'ಮೌಲಾಲಿ, ನೀನೇನೋ?' ಎಂದು ಒಳಗೆ ಬಗ್ಗಿ ನೋಡಿದ. ನಾನು ರುಮಾಲನ್ನು ಮುಖದ ಮೇಲೆ ಎಳೆದುಕೊಂಡು ಗೇರು ಹಾಕಿದೆ. ಮುಖ ಮುಚ್ಚಿಕೋ ಎಂದು ಬಂದೂಕಿನವನು ಹೇಳಿರಲಿಲ್ಲ.

ಮರುದಿನ ನೀನು ಅಂಗಡಿಗೆ ಬಂದೆ, ಕಸ ಹೊಡೆದೆ, ಚಹಾ ತಂದುಕೊಟ್ಟೆ. ನಾನು ಕುಡಿದೆ. ಹೇಳಲಿಲ್ಲ.

ಇದನ್ನು ಅಪ್ಪನಿಗೆ ಓದಿ ಹೇಳು.

ಮೌಲಾಲಿ

—

ಮಕ್ತಲ್
೧೨ ಮೇ ೧೯೪೯

ಉಸ್ತಾದ್,

ಅಪ್ಪಗ ಓದಿ ಹೇಳಿದೆ. ಕಂಬಳಿ ಮ್ಯಾಲ ಕುಂತು ಕೇಳಿದ. ಬೀಡಿ ನೆಲಕ್ಕ ತಿಕ್ಕಿ ಆರಿಸಿದ. ಆಮ್ಯಾಲ ಅಂದ, 'ಅಂವನ ಅಂತ ನನಗ ಗೊತ್ತಿತ್ತು. ಮಾರಿ ಮುಚ್ಚಿಕೊಂಡ ಅಂದರ ನಾಚಿಕಿ ಇತ್ತಲ್ಲ ಅಂವಗ. ಉಳದವರು ಮುಚ್ಚಿಕೊಂಡಿದ್ದಿಲ್ಲ.' ಅಷ್ಟ. ಎದ್ದು ಉಳದ ಕುರಿ ಕಡೆ ಹೋದ. ಮಾಫಿ ಮಾಡೀನಿ ಅನಲಿಲ್ಲ, ಇಲ್ಲ ಅನಲಿಲ್ಲ. ಸುಳ್ಳು ಬರಿಯಾಂಗಿಲ್ಲ ನಾ ಇನ್ನ.

ಸಾವುಕಾರನ ಹತ್ರ ಹೋಗಿ ಇಂಜಿನ್ ಇಳಿಸಿಕೊಡ್ರಿ ಅಂದೆ. ನಕ್ಕ. 'ಹುಚ್ಚು ಹಿಡೀತೇನಲೇ' ಅಂದ. ಖಾಕಿ ಅಂಗಿ ಬಿಚ್ಚಿ ಅವನ ಕಟ್ಟಿ ಮ್ಯಾಲ ಇಟ್ಟೆ. ಬರೀ ಮೈಲೆ ನಾರಾಯಣಪೇಟದಿಂದ ಮಕ್ತಲಿಗೆ ನಡದೆ. ಬಿಸಲು. ದಾರ್ಯಾಗ ಒಬ್ಬಾಕಿ 'ಯಾಕೋ ಎಪ್ಪಾ, ಕಳ್ಳರು ಸುಲದರೇನು' ಅಂತ ಕೇಳಿದಳು. ನಾನ ಕಳ್ಳ ಬೇ ಅಂದೆ. ಗಾಬರಿಯಾಗಿ ಓಡಿದಳು.

ಆ ಸೀಳಿದ ೩೪ರ ಇಂಜಿನ್ ಅಂಗಡ್ಯಾಗಿತ್ತಲ್ಲ. ಸೀಳು ನೀರಿನ ಮಗ್ಗಲ ಮಾತ್ರ ಐತಿ, ಒಳಗ ಹೋಗಿಲ್ಲ. ಅದರ ಉದ್ದಕ್ಕೂ ತೂತು ಹೊಡದು ತಾಮ್ರದ ತಿರುಪು ಒಂದಕ್ಕೊಂದು ತಾಗಿಸಿ ಕೂಡಿಸಿ, ಬಡದು ಮುಚ್ಚಿದೆ. ನೀವು ಒಮ್ಮೆ ಹಿಟ್ಟಿನ ಗಿರಣಿ ಇಂಜಿನ್ನಿಗೆ ಹಂಗ ಮಾಡಿದ್ದಿರಿ. ನೀರು ಹಾಕಿ ಒಂದಿನ ಇಟ್ಟೆ. ಸೋರಲಿಲ್ಲ. ಈಗ ಅದನ್ನ ನಿಮ್ಮ ಗಾಡಿಗೆ ಹಾಕಾಕತ್ತೀನಿ. ಅಂಗಡಿ ಒಳಗಲ್ಲ, ಹೊರಗ, ಬಜಾರದಾಗ, ಎಲ್ಲರಿಗೂ ಕಾಣೂವಂಗ.

ಅದು ಎರಡು ಬೆರಳು ಗಿಡ್ಡ ಇತ್ತು, ಇದು ಎರಡು ಬೆರಳು ಉದ್ದ. ಫ್ಯಾನು ರೇಡಿಯೇಟರಿಗೆ ಬಡೀತೈತಿ. ಮುಂದಿನ ಕಾಲು ಕೂಡವಲ್ದು, ಹೊಸಾ ತೂತು ಹೊಡದೆ. ರೇಡಿಯೇಟರ್ ಮುಂದ ಸರಿಸಿದೆ, ಈಗ ಬಾನೆಟ್ ಮುಚ್ಚವಲ್ದು. ಇಂಜಿನ್ ಎತ್ತುವಾಗ ಅಪ್ಪ ತಾನಾಗೇ ಬಂದು ಸರಪಳಿ ಹಿಡದ.

ನಿನ್ನೆ ಮುಂಜಾನಿ ಹ್ಯಾಂಡಲ್ ಹಾಕಿದೆ. ಸಂತಿ ಮಂದಿ ಇತ್ತು. ಸಾವುಕಾರನ ಮನಷಾ ಪೆದ್ದಯ್ಯನೂ ಚಹಾದಂಗಡಿ ಮುಂದ ನಿಂತಿದ್ದ. ಜೋರಾಗಿ ಅಂದೆ, 'ಮಕ್ತಲ್ ಮೌಲಾಲಿ ಉಸ್ತಾದ್!' ತಿರುವಿದೆ. ಹತ್ತಲಿಲ್ಲ. ಪೆದ್ದಯ್ಯ ನಕ್ಕು, 'ಹೆಸರು ಬದಲಿಸಿ ನೋಡಲೇ, ಹತ್ತತೈತಿ' ಅಂದ. ಮತ್ತ ಅದೇ ಹೆಸರು ಹೇಳಿ ತಿರುವಿದೆ. ಕೈ ಸಿಪ್ಪಿ ಎದ್ದು ಹೋಗೋತನಕ ತಿರುವಿದೆ. ಒಂದು ಸಲ ಕೆಮ್ಮಿತು, ನಿಂತಿತು.

ನನಗ ಬರವಲ್ದು ಉಸ್ತಾದ್. ಇದನ್ನ ಬಜಾರದಾಗೂ ಹೇಳೀನಿ, ಕಾಗದದಾಗೂ ಬರೀತೀನಿ. ನನಗ ಬರಲ್ಲ. ನೀವು ಬರ್ರಿ.

ನಿಮ್ಮ ಶಾಗಿರ್ದ್
ಉರುಕುಂದಪ್ಪ

—

ಹೈದರಾಬಾದ್
೨೦ ಮೇ ೧೯೪೯

ಉರುಕುಂದ,

೩೪ರದಕ್ಕೆ ಕಿಡಿ ಹಾರುವ ಹೊತ್ತು ಬೇರೆ. ನೀನು ೩೮ರ ಲೆಕ್ಕದಲ್ಲಿ ಇಟ್ಟಿರಬೇಕು. ಕೆಮ್ಮಿದೆ ಎಂದರೆ ಜೀವವಿದೆ. ಇನ್ನು ತಿರುವಬೇಡ, ಕೈಗೆ ಎಣ್ಣೆ ಹಚ್ಚಿಕೋ. ಬಾನೆಟ್ ಮುಚ್ಚದಿದ್ದರೆ ಬಿಡು, ತೆರೆದೇ ಇರಲಿ.

೨೬ರ ಗುರುವಾರ ಬರುತ್ತೇನೆ. ಕೀಲಿ ತರುತ್ತೇನೆ. ಸ್ಟೇಷನ್ನಿಗೆ ಬರಬೇಡ. ಆ ನಳದ ಹತ್ತಿರ ಇನ್ನೊಮ್ಮೆ ನಿನ್ನನ್ನು ನೋಡುವಷ್ಟು ನನ್ನ ಮನಸ್ಸು ಇನ್ನೂ ಗಟ್ಟಿಯಾಗಿಲ್ಲ. ಅಂಗಡಿಯಲ್ಲಿ ಪಾನಾ ಒರೆಸಿಟ್ಟುಕೊಂಡು ಕುಳಿತಿರು. ನಾನು ಬರುವುದು ತಡವಾದರೆ ಹುಡುಕಬೇಡ. ಮೊದಲು ನಿನ್ನ ಅಪ್ಪನ ಕುರಿಹಟ್ಟಿಗೆ ಹೋಗುತ್ತೇನೆ. ರುಮಾಲು ತಲೆಯ ಮೇಲಷ್ಟೇ ಇರುತ್ತದೆ.

ಮೌಲಾಲಿ